ಕೆಂಪು ಪಟ್ಟಿ

ಪ್ರೊಜೆಕ್ಟರಿನ ಬೆಳಕು ಬಿದ್ದ ಗೋಡೆಯ ಮೇಲೆ, ಕೋಡಿನ ಅಕ್ಷರಗಳ ಅಡಿಯಲ್ಲಿ, ಉದ್ದಕ್ಕೂ ಒಂದು ಕೆಂಪು ಪಟ್ಟಿ ಬಂದು ನಿಂತಿತು. ಲೀಸೆಲೋಟ್ ಮತ್ತೆ ಗುಂಡಿ ಒತ್ತಿದಳು. ಪಟ್ಟಿ ಕದಲಲಿಲ್ಲ. ಪ್ರೋಗ್ರಾಮಿಗೆ ಬೇಕಾದ ಲೈಬ್ರರಿ ಸಿಗುತ್ತಿಲ್ಲವೆಂದು ಅದರೊಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿತ್ತು.

ಬೆಲ್ಜಿಯಮ್ಮಿನ ಘೆಂಟ್ ಊರಿನ ಆ ಕಲಾಶಾಲೆಯಲ್ಲಿ ವರ್ಷದ ಕೊನೆಗೆ ಎಲ್ಲರ ಸ್ಕೆಚ್ಚೂ, ಅಂದರೆ ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಮೂ, ಶಾಲೆಯ ಕಂಪ್ಯೂಟರಿನಲ್ಲೇ ಓಡಬೇಕು. ಓಡದಿದ್ದರೆ ಎರಡನೆಯ ವರ್ಷವಿಲ್ಲ. ಅವಳದು ಅಮ್ಮನ ಎದೆಬಡಿತ: ರೆಕಾರ್ಡು ಮಾಡಿದ ಸದ್ದಿನಿಂದ ಗದ್ದಲವನ್ನು ಸೋಸಿ, ಉಳಿದ ಬಡಿತವನ್ನು ಗೆರೆಯಾಗಿ ಕುಣಿಸುವ ಕೆಲಸ. ಸೋಸುವುದು ಹೊರಗಿನಿಂದ ತಂದು ಸೇರಿಸಿದ ಲೈಬ್ರರಿ, ಬೇರೆಯವರು ಬರೆದಿಟ್ಟ ಕೋಡಿನ ಕಂತೆ. ಅದು ಅವಳ ಲ್ಯಾಪ್‌ಟಾಪಿನಲ್ಲಿ ಬೇರೆಯೇ ಫೋಲ್ಡರಿನಲ್ಲಿತ್ತು; ಅವಳು ಸ್ಕೆಚ್ಚಿನ ಫೋಲ್ಡರನ್ನಷ್ಟೇ ಇಲ್ಲಿಗೆ ನಕಲು ಮಾಡಿದ್ದಳು.

ನಿನ್ನೆ ನಕಲು ಮಾಡುವಾಗ ಸಹಪಾಠಿ ವಾನೆಸ್ ಪಕ್ಕದಲ್ಲೇ ಸೇಬು ತಿನ್ನುತ್ತ ನಿಂತಿದ್ದ. ಲೈಬ್ರರಿ ಹಾಕಿಕೊಳ್ಳುವುದನ್ನು ಅವಳಿಗೆ ಕಲಿಸಿದವನೂ ಅವನೇ.

"ಇಷ್ಟು ಸಾಕೇನೋ?" ಎಂದು ಕೇಳಿದ್ದಳು.

"ಸಾಕು ಕಣೇ. ಇನ್ನೇನು, ನಿಮ್ಮಮ್ಮನ್ನೇ ಒಳಗೆ ತುರುಕ್ತೀಯಾ?" ಎಂದು ನಕ್ಕಿದ್ದ.

ಈಗ ಅವಳು ದನಿ ತಗ್ಗಿಸಿ ಹೇಳಿದಳು: "ಎರಡು ನಿಮಿಷ ಕೊಡಿ ಮೇಡಂ. ಲೈಬ್ರರಿ ಲ್ಯಾಪ್‌ಟಾಪಲ್ಲಿದೆ, ಬ್ಯಾಗಲ್ಲೇ ಇದೆ. ಹಾಕ್ಬಿಡ್ತೀನಿ."

ಗೂತಾಲ್ಸ್ ಮೇಡಂ ಕನ್ನಡಕ ತೆಗೆದು ತರಗತಿಯತ್ತ ತಿರುಗಿದರು. ಪ್ರದರ್ಶನ ಶುರುವಾದ ಮೇಲೆ ಕಂಪ್ಯೂಟರಿಗೆ ಏನಾದರೂ ಸೇರಿಸಬೇಕಾದರೆ ಜೊತೆಯವರೆಲ್ಲ ಒಪ್ಪಬೇಕು, ಅದು ಅಲ್ಲಿನ ರೂಢಿ.

"ಯಾರದಾದ್ರೂ ತಕರಾರಿದೆಯಾ?"

ಲೀಸೆಲೋಟ್ ಬ್ಯಾಗಿನ ಜಿಪ್ಪು ಎಳೆದಳು.

"ನಂದೇನೂ ಇಲ್ಲ ಮೇಡಂ," ಎಂದ ವಾನೆಸ್. "ಆದ್ರೆ ಬೆಳಿಗ್ಗೆ ಯೋರಿಸ್ ಇದನ್ನೇ ಕೇಳ್ದಾಗ ನಾವು ಒಪ್ಪಲಿಲ್ವಲ್ಲ. ಪಾಪ, ಅವನು ಮನೆಗೇ ಹೋದ."

ಮೇಡಂ ಕನ್ನಡಕ ಹಾಕಿಕೊಂಡರು. "ಹೌದು, ಅದೂ ಸರಿಯೇ. ಹೋಗಿ ಕೂತ್ಕೋಮ್ಮ."

ವಾನೆಸ್ ಬೆಂಚಿನಲ್ಲಿ ಸರಿದು ಜಾಗ ಮಾಡಿದ. "ಬಾರೇ," ಎಂದ, "ಇಲ್ಲಿ ಕೂತ್ಕೋ." ಬೇರೆ ಕಡೆ ಜಾಗವಿರಲಿಲ್ಲ. ಅವಳು ಕೂತಳು.

ಈ ಮಾತೊಂದೂ ಹೆತ್ತವರು ಕೂತಿದ್ದ ಹಿಂದಿನ ಸಾಲಿಗೆ ಕೇಳಿರಲಿಲ್ಲ. ಅಲ್ಲಿ, ಆಲೂಗಡ್ಡೆ ಕರಿಯುವ ಅಂಗಡಿಯಿಂದ ರಜೆ ಕೇಳಿಕೊಂಡು ಬಂದಿದ್ದ ಅವಳ ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಇಂಗ್ಲಿಷ್ ಓದಲು ಬಾರದ ಆಕೆ ಪಕ್ಕದ ಹೆಂಗಸಿನ ತೋಳು ಮುಟ್ಟಿದಳು.

"ಕೆಳಗೆ ಕೆಂಪಗೆ ಕಾಣ್ತಿದೆಯಲ್ಲ, ಅದು ನನ್ನ ಎದೆಬಡಿತ ಕಣ್ರೀ. ನನ್ನ ಮಗಳು ಮಾಡಿರೋದು."

ಆ ಹೆಂಗಸು ಮಡಿಲು ನೋಡಿಕೊಂಡಳು. ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರೂ ಕೈ ಸೇರಿಸದಿದ್ದರೂ, ಒಬ್ಬಳೇ ಮೆಲ್ಲಗೆ ಚಪ್ಪಾಳೆ ತಟ್ಟತೊಡಗಿದಳು.