ಅಕ್ಕನ ವಾಚಿನ ಕೆಂಪು ಗೆರೆ

ನನ್ನ ಗಂಡನಿಗೆ ಅಂಕುಡೊಂಕು ಕಂಡರೆ ಆಗದು. ಇದು ಬೈಗುಳವಲ್ಲ, ಅವರ ಕಸುಬೇ ಹಾಗೆ. ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳ ನಕ್ಷೆ ಬರೆಯುವುದು ಅವರ ಕೆಲಸ. ಬೀದಿಯಡಿಯಲ್ಲಿ ಪೈಪು ಹೇಗೆಲ್ಲ ತಿರುಚಿಕೊಂಡಿದ್ದರೂ ಹಾಳೆಯ ಮೇಲೆ ಅದು ನೆಟ್ಟಗೆ ಹೋಗಬೇಕು. ಸಣ್ಣಪುಟ್ಟ ತಿರುವುಗಳನ್ನು ಅಳಿಸಿ ಗೆರೆಯನ್ನು ಚೊಕ್ಕ ಮಾಡುವುದೇ ಅಲ್ಲಿನ ರೂಢಿ. ಹೇಗೂ ಅಗೆಯುವವರು ನೆಲ ಅಗೆದು ನೋಡಿಕೊಳ್ಳುತ್ತಾರೆ. ಮನೆಯಲ್ಲೂ ಇವರದು ಅದೇ ಚಾಳಿ. ತಂತಿಯ ಮೇಲೆ ಒಣಹಾಕಿದ ಅಂಗಿ ಸೊಟ್ಟಗಿದ್ದರೆ ಅದನ್ನು ಸರಿಮಾಡಿ ಬರುವ ತನಕ ಇವರ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ನಾನೂ ಬೇಕೆಂದೇ ಒಂದೊಂದು ಸೊಟ್ಟ ಹಾಕಿರುತ್ತೇನೆ.

ಅಕ್ಕ ಅಂದರೆ ಇವರ ಸ್ವಂತ ಅಕ್ಕ, ನನಗೂ ಅಕ್ಕನೇ. ಸಿಟಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರು. ಅಮ್ಮ ಬೇಗ ತೀರಿಕೊಂಡ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಇವರ ತಲೆಯಲ್ಲಿ ಈಗ ಬಾಚಲು ಕೂದಲಿಲ್ಲ, ಆದರೂ ಅಕ್ಕನ ಬಾಯಲ್ಲಿ ಇವರು ಪುಟ್ಟು. ಇಷ್ಟು ವರ್ಷ ಕೂತು ಕೂತೇ ಊರು ಸುತ್ತಿದ್ದಾಯಿತು, ಇನ್ನು ಕಾಲಿರುವಾಗ ನಡೆದು ನೋಡುತ್ತೇನೆ ಎಂದು ಅಕ್ಕ ಬೆಟ್ಟಗಳ ಹುಚ್ಚು ಹತ್ತಿಸಿಕೊಂಡರು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ ಎಂದರೆ, ಬೆನ್ನ ಹಿಂದೆ ಮಾತಾಡುವ ಜನರನ್ನು ಕೂರಿಸಿಕೊಂಡು ಜೀವನವಿಡೀ ಕಳೆದದ್ದು ಸಾಲದೇ ಎನ್ನುತ್ತಿದ್ದರು.

ಒಬ್ಬರೇ ಹೋಗುವುದಾದರೆ ದಾರಿ ತೋರಿಸಲು ಏನಾದರೂ ಬೇಡವೇ? ಇವರು ಕಚೇರಿಯ ಗೆಳೆಯರೊಬ್ಬರು ಬಳಸಿ ಬಿಟ್ಟಿದ್ದ ಜಿಪಿಎಸ್ ವಾಚೊಂದನ್ನು ತಂದರು. ಅದರಲ್ಲಿ ಲೋಕದ ನಕ್ಷೆಯೇನೋ ಇತ್ತು, ಆದರೆ ಅಕ್ಕ ಹೋಗಬೇಕೆಂದಿದ್ದ ಬೆಟ್ಟದ ಜಾಗದಲ್ಲಿ ಬರೀ ಖಾಲಿ. ಆ ಬೆಟ್ಟದ ನಕ್ಷೆಯನ್ನು ನಾವೇ ಹುಡುಕಿ ತುಂಬಬೇಕಿತ್ತು. ಸಂಜೆ ಕಚೇರಿಯಿಂದ ಬಂದವರೇ ಇವರು ಲ್ಯಾಪ್‌ಟಾಪಿಗೆ ವಾಚನ್ನು ಕೇಬಲ್ಲಿನಿಂದ ಕಟ್ಟಿಹಾಕಿ ಕೂರುತ್ತಿದ್ದರು. ಮೊದಲು ನಕ್ಷೆಯ ಫೈಲನ್ನು ಯಾವುದೋ ಫೋಲ್ಡರಿಗೆ ಹಾಕಿದರು, ವಾಚು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸರಿಯಾದ ಫೋಲ್ಡರಿಗೆ ಹಾಕಿದ ಮೇಲೆ ಅಷ್ಟು ದೊಡ್ಡ ನಕ್ಷೆಯನ್ನು ಹಿಡಿಸಿಕೊಳ್ಳಲಾರದೆ ವಾಚು ಅಲ್ಲಾಡದೆ ನಿಂತುಬಿಟ್ಟಿತು. ಹಟದಲ್ಲಿ ನಿಮಗೆ ತಕ್ಕ ವಾಚು ಎಂದು ನಾನು ಅಡುಗೆಮನೆಯಿಂದಲೇ ಒಂದು ಮಾತು ಎಸೆದೆ.

ಕೊನೆಗೆ ಇವರು ನಕ್ಷೆಯ ಭಾರ ಇಳಿಸತೊಡಗಿದರು. ಬೆಟ್ಟದ ಏರಿಳಿತ ತೋರಿಸುವ ಕಂದು ಗೆರೆಗಳನ್ನೆಲ್ಲ ತೆಗೆದರು. ಬಿಲ್ಲೆಯಷ್ಟಗಲದ ಗಾಜಿನಲ್ಲಿ ಅಷ್ಟೆಲ್ಲ ಗೆರೆ ಇದ್ದರೆ ಅಕ್ಕನಿಗೆ ಗಜಿಬಿಜಿಯಾಗುತ್ತದೆ ಎಂದರು. ನಡೆಯುವ ದಾರಿಯ ಕೆಂಪು ಗೆರೆಯನ್ನು ಹಿಂದೆ ಆ ಬೆಟ್ಟ ಹತ್ತಿದ ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಅದರಲ್ಲಿ ಹೆಜ್ಜೆಗೊಂದರಂತೆ ಚುಕ್ಕಿ, ಅಷ್ಟನ್ನು ಆ ಹಳೇ ವಾಚು ನುಂಗಲಾರದು. ಚುಕ್ಕಿ ಕಡಿಮೆ ಮಾಡಲು ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಇತ್ತು, ಅದನ್ನು ಎಡಕ್ಕೆ ಎಳೆದಂತೆಲ್ಲ ಗೆರೆ ನೆಟ್ಟಗಾಗುತ್ತಿತ್ತು. ಇವರ ಮುಖ ಅರಳಿತು. ನನ್ನನ್ನು ಕರೆದು, ನೋಡು ಎಷ್ಟು ಚೊಕ್ಕವಾಗಿದೆ ಎಂದು ತೋರಿಸಿದರು. ಬಿಳಿಯ ಮೇಲೆ ಒಂದೇ ಒಂದು ಕೆಂಪು ಗೆರೆ. ಚೆನ್ನಾಗಿದೆ ಎಂದೆ. ನನಗೆ ಅದು ನಿಜವಾಗಿಯೂ ಚೆನ್ನಾಗಿಯೇ ಕಂಡಿತ್ತು.

ಭಾನುವಾರ ಮುಂಜಾನೆಯ ಬಸ್ಸಿಗೆ ಅಕ್ಕ ಹೊರಟರು. ಬೆಟ್ಟದ ಈ ಬದಿಯಿಂದ ಹತ್ತಿ, ನೆತ್ತಿ ದಾಟಿ, ಆಚೆ ಬದಿಯಲ್ಲಿ ಇಳಿದು ಅರಣ್ಯದ ಗೇಟಿನ ಬಳಿ ಸಂಜೆಯ ಬಸ್ಸು ಹಿಡಿಯಬೇಕು. ಅಕ್ಕನ ಚೀಲದಲ್ಲಿ ಫೋನಿತ್ತು. ಅದಕ್ಕೆ ಸಿಗ್ನಲ್ ಸಿಕ್ಕಾಗೆಲ್ಲ ಅಕ್ಕ ಇರುವ ಜಾಗ ನಮ್ಮ ಲ್ಯಾಪ್‌ಟಾಪಿನಲ್ಲಿ ನೀಲಿ ಚುಕ್ಕಿಯಾಗಿ ಕಾಣುತ್ತಿತ್ತು. ಬೆಳಗಿನಿಂದ ಚುಕ್ಕಿ ಆಗಾಗ ಬಂದು ಹೋಗುತ್ತಿತ್ತು, ಗೆರೆಯ ಮೇಲೆಯೇ ಇತ್ತು. ಊಟ ಮುಗಿಸಿ ಕೂತಾಗ ಅಕ್ಕ ನೆತ್ತಿ ದಾಟಿದ್ದರು. ಆ ಹೊತ್ತಿಗೆ ಇವರಿಗೆ, ಅಕ್ಕ ಎಷ್ಟು ಎತ್ತರ ಹತ್ತಿದಳು ಎಂದು ನನಗೆ ತೋರಿಸುವ ಉಮೇದು ಬಂತು. ತಾವು ವಾಚಿಗೆ ಹಾಕಿದ ಅದೇ ಗೆರೆಯನ್ನು ತೆರೆದು ಅದರ ಎತ್ತರದ ಚಿತ್ರ ಹಾಕಿದರು. ಗೆರೆ ನಿಧಾನವಾಗಿ ಏರಿತು, ನೆತ್ತಿಯಲ್ಲಿ ಸ್ವಲ್ಪ ದೂರ ಸಮವಾಗಿ ಹೋಯಿತು, ಆಮೇಲೆ ಒಂದೇ ಸಲಕ್ಕೆ ಕೆಳಕ್ಕೆ ಬಿತ್ತು.

ಇದೇನು ಬಾವಿಯೇ ಎಂದು ನಾನು ನಕ್ಕೆ. ಇವರು ನಗಲಿಲ್ಲ.

ಆ ಯಾರೋ ಹಾಕಿದ್ದ ಮೂಲ ಗೆರೆಯನ್ನು ತೆರೆದು ತಮ್ಮ ಗೆರೆಯ ಮೇಲೆ ಇಟ್ಟರು, ಅಳಿಸಿದ್ದ ಕಂದು ಗೆರೆಗಳನ್ನೂ ಹಿಂದಕ್ಕೆ ತಂದರು. ಒಂದು ಕಡೆ ಕಂದು ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂದರೆ ಅಲ್ಲಿ ಬಂಡೆ ಗೋಡೆಯಂತೆ ನಿಂತಿದೆ. ನಿಜವಾದ ಕಾಲುದಾರಿ ಅದರ ಅಂಚಿಗೆ ಬರುವ ಮೊದಲೇ ಎಡಕ್ಕೆ ಹೊರಳಿ, ಹಾವಿನಂತೆ ತಿರುಗಿ ತಿರುಗಿ ಕೆಳಗೆ ಇಳಿದಿತ್ತು. ಆ ತಿರುವುಗಳ ಚುಕ್ಕಿಗಳನ್ನೆಲ್ಲ ಇವರು ಎಳೆದ ಗುಂಡಿ ತಿಂದುಹಾಕಿತ್ತು. ಇವರ ಕೆಂಪು ಗೆರೆ ಅಂಚನ್ನು ದಾಟಿ ನೇರ ಗಾಳಿಯಲ್ಲಿ ಹೋಗಿ ಕೆಳಗಿನ ದಾರಿಯನ್ನು ಸೇರಿತ್ತು.

ಅಕ್ಕನಿಗೆ ಫೋನ್ ಮಾಡಿದೆವು. ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ರೆಕಾರ್ಡಿನ ಹೆಂಗಸು ಹೇಳಿದಳು. ಮತ್ತೆ ಮಾಡಿದೆವು, ಮತ್ತೆ ಅದನ್ನೇ ಹೇಳಿದಳು. ಇವರು ಕಾರಿನ ಕೀಲಿಕೈ ತೆಗೆದುಕೊಂಡು ಬಾಗಿಲವರೆಗೆ ಹೋದರು, ಚಪ್ಪಲಿ ಮೆಟ್ಟಿದರು, ಬಿಟ್ಟರು, ತಿರುಗಿ ಬಂದು ಪರದೆ ನೋಡಿದರು. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ, ಕೂತುಕೊಳ್ಳಿ ಎಂದೆ. ಮನೆಯಲ್ಲಿ ಇಬ್ಬರೂ ತಲೆ ಕೆಡಿಸಿಕೊಂಡರೆ ಕೆಲಸ ಕೆಟ್ಟಿತು ಎಂದು ಹಲ್ಲು ಕಚ್ಚಿ ಅರಣ್ಯದ ಗೇಟಿನ ನಂಬರ್ ಹುಡುಕಿದೆ.

ಅಲ್ಲಿನ ಗಾರ್ಡ್ ಸಮಾಧಾನದ ಮನುಷ್ಯ. ಮೇಲೆ ಮಂಜು ಕವಿದಿದೆ, ಏನೂ ಕಾಣುವುದಿಲ್ಲ ಎಂದ. ಆದರೆ ಗಾಬರಿ ಬೇಡವಂತೆ. ಎಡಕ್ಕೆ ಇಳಿಯುವ ದಾರಿ ತುಳಿದು ತುಳಿದು ಸವೆದಿದೆ, ಮಂಜಿನಲ್ಲೂ ಕಾಲಡಿ ಕಾಣುತ್ತದೆ, ಕುರಿ ಕೂಡ ಅಲ್ಲಿ ತಪ್ಪುವುದಿಲ್ಲ ಎಂದ. ನನಗೆ ಹೋದ ಜೀವ ಬಂದಂತಾಯಿತು. ಇವರ ಮುಖ ಮಾತ್ರ ಇನ್ನೂ ಬಿಳಿಚಿಕೊಂಡಿತು.

"ಅಕ್ಕ ಕಾಲಡಿ ನೋಡಿ ನಡೆಯೋಳಲ್ಲ," ಎಂದರು. "ರೂಟ್ ನೋಡಿ ನಡೆಯೋಳು."

ಅದು ನಿಜ. ಒಮ್ಮೆ ಅಕ್ಕನ ರೂಟಿನಲ್ಲಿ ಮರ ಬಿದ್ದಿತ್ತು. ಪಕ್ಕದ ಗಲ್ಲಿಯಲ್ಲಿ ಹೋಗಿ ಎಂದು ಬಸ್ಸಿನಲ್ಲಿದ್ದವರೆಲ್ಲ ಗೋಗರೆದರೂ ಡಿಪೋದಿಂದ ಅಪ್ಪಣೆ ಬರುವ ತನಕ ಅಕ್ಕ ಬಸ್ಸನ್ನು ಅಲ್ಲಾಡಿಸಲಿಲ್ಲ. ಆ ಕತೆ ಹೇಳಿಕೊಂಡು ನಾವು ಎಷ್ಟು ಸಲ ನಕ್ಕಿದ್ದೇವೋ. ನಾನು ಗಾರ್ಡಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು, ಹಾಗಾದರೆ ಈಗಲೇ ಹತ್ತುತ್ತೇನೆ, ಆದರೆ ನನಗೆ ರೆಕ್ಕೆ ಇಲ್ಲ ಮೇಡಂ, ಹೊತ್ತು ಹಿಡಿಯುತ್ತದೆ ಎಂದ.

ಇನ್ನು ಉಳಿದಿದ್ದು ಮೆಸೇಜು. ಅಕ್ಕನ ಫೋನಿಗೆ ಅರೆಗಳಿಗೆ ಸಿಗ್ನಲ್ ಸಿಕ್ಕರೂ ಸಾಕು, ಮೆಸೇಜಿನ ಮೊದಲ ಮಾತುಗಳು ವಾಚಿನ ಮೇಲೆಯೇ ಮೂಡುತ್ತವೆ. ಇವರು ಫೋನ್ ಹಿಡಿದು ಬರೆಯತೊಡಗಿದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರದೆ ನೋಡುತ್ತ ಕೂತೆ. ಅಷ್ಟರಲ್ಲಿ ನೀಲಿ ಚುಕ್ಕಿ ಮೂಡಿತು. ಗೆರೆಯ ಮೇಲೆ, ಎಡಕ್ಕೆ ತಿರುಗಬೇಕಾದ ಜಾಗಕ್ಕೆ ಇನ್ನು ಸ್ವಲ್ಪವೇ ದೂರ.

"ರೀ, ಸಿಗ್ನಲ್ ಇದೆ. ಕಳಿಸಿ."

ಇವರು ಇನ್ನೂ ಬರೆಯುತ್ತಲೇ ಇದ್ದರು. ನಾನು ಬಗ್ಗಿ ನೋಡಿದೆ. ಅಕ್ಕ, ನಾನು ವಾಚಿನ ಮೆಮೊರಿ ಕಡಿಮೆ ಇದೆ ಅಂತ ಗೆರೆಯ ಚುಕ್ಕಿಗಳನ್ನು ಕಡಿಮೆ ಮಾಡುವಾಗ ಗಮನಿಸದೆ ಎಂದು ಶುರುವಾಗಿ, ಕಚೇರಿಯ ಪತ್ರದ ಹಾಗೆ ಪರದೆ ತುಂಬಿತ್ತು. ವಾಚಿನಲ್ಲಿ ಮೂಡುವುದು ಅದರ ಮೊದಲ ನಾಲ್ಕು ಮಾತು ಮಾತ್ರ. ನನಗೆ ಮೈಯೆಲ್ಲ ಉರಿದುಹೋಯಿತು. ಫೋನನ್ನು ಕಿತ್ತುಕೊಂಡೆ, ಬರೆದಿದ್ದನ್ನೆಲ್ಲ ಅಳಿಸಿದೆ, "ನಿಲ್ಲು. ಗೆರೆ ತಪ್ಪು" ಎಂದು ಬರೆದು ಒತ್ತಿದೆ.

ಒಂದೇ ಟಿಕ್ ಬಂತು, ಎರಡನೆಯದು ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ನೀಲಿ ಚುಕ್ಕಿ ಮಾಯವಾಗಿತ್ತು.

ಆಮೇಲಿನದು ಹೇಗೆ ಕಳೆಯಿತೋ ನನಗೆ ಸರಿಯಾಗಿ ನೆನಪಿಲ್ಲ. ಕುಕ್ಕರಿನಲ್ಲಿ ಉಳಿದ ಅನ್ನ ಮುಚ್ಚದೆ ಹಾಗೇ ಇತ್ತು. ಪಕ್ಕದ ಮನೆಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು, ಒಂದೊಂದು ಪೆಟ್ಟಿಗೂ ನಾನು ಬೆಚ್ಚಿಬೀಳುತ್ತಿದ್ದೆ. ಇವರು ಬಾಲ ಸುಟ್ಟ ಬೆಕ್ಕಿನ ಹಾಗೆ ಕೋಣೆಯಲ್ಲಿ ಸುತ್ತುತ್ತಿದ್ದರು. ಅಕ್ಕನಿಗೆ ಏನಾದರೂ ಆದರೆ ಎಂದು ಬಾಯಿ ತೆಗೆದವರು ಆ ಮಾತನ್ನು ಮುಗಿಸಲಿಲ್ಲ. ಸಮಾಧಾನ ಹೇಳಬೇಕಾದವಳು ನಾನು. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ.

"ಅದು ಪೈಪಲ್ಲ ರೀ. ಅಲ್ಲಿ ನಡೀತಿರೋದು ಮನುಷ್ಯರು."

ಆಡಿದ ಮೇಲೆ ಹೆಚ್ಚಾಯಿತು ಎಂದು ನನಗೇ ಅನಿಸಿತು, ಆದರೆ ಮಾತನ್ನು ವಾಪಸು ತೆಗೆದುಕೊಳ್ಳುವ ಮನಸ್ಸೂ ಆಗಲಿಲ್ಲ. ಕಿಟಕಿಯ ಬಿಸಿಲು ಮೇಜು ಬಿಟ್ಟು ನೆಲಕ್ಕೆ ಇಳಿಯಿತು. ಚುಕ್ಕಿ ಬರಲೇ ಇಲ್ಲ.

ಫೋನ್ ರಿಂಗಾದಾಗ ಇಬ್ಬರೂ ಒಟ್ಟಿಗೇ ಕೈ ಹಾಕಿದೆವು. ಗಾರ್ಡ್ ಏದುಸಿರು ಬಿಡುತ್ತಿದ್ದ. ಸಿಕ್ಕರು ಮೇಡಂ, ಜೀವಕ್ಕೆ ಏನೂ ಇಲ್ಲ ಎಂದು ಮೊದಲು ಅದನ್ನೇ ಹೇಳಿದ. ದೇವರು ಅವನಿಗೆ ನೂರು ವರ್ಷ ಆಯಸ್ಸು ಕೊಡಲಿ. ಅಕ್ಕ ಅಂಚಿನಿಂದ ಜಾರಿ, ಸ್ವಲ್ಪ ಕೆಳಗೆ ಚಾಚಿದ್ದ ಬಂಡೆಯೊಂದರ ಮೇಲೆ ಬಿದ್ದಿದ್ದರು. ಆ ಬಂಡೆ ಇರದಿದ್ದರೆ ಎಂದು ಅವನೂ ಮುಂದೆ ಹೇಳಲಿಲ್ಲ. ಚೀಲ ಫೋನಿನ ಸಮೇತ ಕಣಿವೆಗೆ ಹೋಗಿತ್ತು. ಅಕ್ಕ ಕೂಗಿಕೊಂಡದ್ದನ್ನು ಕೇಳಿ ಇವನು ಹಗ್ಗ ಇಳಿಬಿಟ್ಟು ಮೇಲಕ್ಕೆ ಎಳೆದುಕೊಂಡಿದ್ದ. ಅವನು ತನ್ನ ಫೋನನ್ನು ಅಕ್ಕನಿಗೆ ಕೊಟ್ಟ, ನಾನು ನಮ್ಮದನ್ನು ಸ್ಪೀಕರಿಗೆ ಹಾಕಿದೆ.

"ಪುಟ್ಟು, ಗಾಬರಿ ಆಗ್ಬೇಡ," ಎಂದರು ಅಕ್ಕ. ದನಿ ತೆಳ್ಳಗಾಗಿತ್ತು. "ಕೈ ಒಂದು ಮುರ್ದಿದೆ, ಅಷ್ಟೇ. ತಪ್ಪು ನಂದೇ ಕಣೋ. ನೀನು ಅಷ್ಟು ಕಷ್ಟಪಟ್ಟು ಹಾಕ್ಕೊಟ್ಟಿದ್ದೆ. ಮಂಜಲ್ಲಿ ಎಲ್ಲೋ ಗೆರೆ ಬಿಟ್ಟು ಬಂದ್ನೋ ಏನೋ. ವಯಸ್ಸಾಯ್ತು, ಸಾಕು ಇನ್ನು ಬೆಟ್ಟ."

ಇವರು ನನ್ನ ಮುಖ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಈಗ ಬೇಡ, ಮೊದಲು ಕೆಳಗಿಳಿಯಲಿ, ಆಮೇಲೆ ನೋಡೋಣ ಎಂದು ನನ್ನ ಲೆಕ್ಕಾಚಾರ. ನಿಜ ಹೇಳಬೇಕೆಂದರೆ ಎಂದೂ ಹೇಳದಿದ್ದರೂ ನಡೆಯುತ್ತದೆ ಎನಿಸಿತ್ತು. ಅಕ್ಕನ ಫೋನ್ ಕಣಿವೆಯಲ್ಲಿದೆ. ನಮ್ಮ ಮೆಸೇಜು ಒಂದೇ ಟಿಕ್ಕಿನಲ್ಲಿ ನಿಂತಿದೆ, ಅದನ್ನೂ ಅಳಿಸಿಬಿಟ್ಟರೆ ಆ ಗೆರೆಯ ವಿಷಯ ಲೋಕದಲ್ಲಿ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕ ಇನ್ನು ಬೆಟ್ಟಕ್ಕೂ ಹೋಗುವುದಿಲ್ಲ, ನಮಗೂ ನೆಮ್ಮದಿ. ಇವರು ನನ್ನ ಬೆರಳನ್ನು ನೋಡಿಯೂ ನೋಡದವರಂತೆ ಫೋನಿನತ್ತ ಬಗ್ಗಿದರು.

"ನೀನು ಗೆರೆ ಬಿಟ್ಟಿಲ್ಲ ಅಕ್ಕ. ಗೆರೆನೇ ತಪ್ಪು. ಅಲ್ಲಿ ತಿರುವು ಇತ್ತು. ನಾನು ತೆಗ್ದೆ."

ಅಕ್ಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಎಡಕ್ಕಾ?"

"ಹೂಂ. ಎಡಕ್ಕೆ."

"ನಾನು ಎಡಕ್ಕೇ ಹೋಗಿದ್ದೆ ಪುಟ್ಟು. ದಾರಿ ಚೆನ್ನಾಗೇ ಕಾಣ್ತಿತ್ತು. ಸ್ವಲ್ಪ ದೂರ ಇಳ್ದೂ ಇದ್ದೆ. ಆಗ ವಾಚು ಕೈಮೇಲೆ ನಡುಗ್ತು, ದಾರಿ ಬಿಟ್ಟಿದ್ದೀಯ ಅಂತ ತೋರಿಸ್ತು. ನೀನು ಹಾಕಿರೋದು ಅಂತ ವಾಪಸ್ ಹತ್ತಿ ಬಂದೆ." ಉಸಿರು ಎಳೆದುಕೊಂಡರು. "ಬೇರೆ ಯಾರಾದ್ರೂ ಹಾಕಿದ್ದಾಗಿದ್ರೆ ಬರ್ತಿರ್ಲಿಲ್ಲ."

ಇವರು ನಿಂತಲ್ಲೇ ನೆಲಕ್ಕೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿದುಕೊಂಡೆ.

"ಅಳ್ತಿದ್ದಾನಾ?" ಎಂದು ಅಕ್ಕ ಕೇಳಿದರು.

"ಹೂಂ ಅಕ್ಕ."

"ಅಳ್ಲಿ," ಎಂದರು. "ಆಮೇಲೆ ಇಬ್ರೂ ಬನ್ನಿ, ಆಸ್ಪತ್ರೆಗೆ ಹೋಗೋದಿದೆ. ಕಾರು ನೀನು ಓಡಿಸು."

ನಾನು ಬಗ್ಗಿ ಇವರ ಜೇಬಿನಿಂದ ಕೀಲಿಕೈ ತೆಗೆದುಕೊಂಡೆ.