ಎಡಗೈ ಗಂಟು

ಸೊಪ್ಪನ್ನು ಮೂರನೆಯ ಸಲ ನೀರಿಗೆ ಮುಳುಗಿಸುತ್ತಿದ್ದ ತಾಯಿಯ ಕೈಯನ್ನು ಮಗಳು ಹಿಡಿದುಕೊಂಡಳು.

"ಸಾಕಮ್ಮ, ಇವತ್ತಾದ್ರೂ ಬಿಡು."

"ಮೂರು ಸಲ ತೊಳೀದಿದ್ರೆ ನಿಮ್ಮಪ್ಪ ಮುಟ್ಟಲ್ವಲ್ಲೇ," ಎಂದುಬಿಟ್ಟಳು. ಏನಂದೆನೆಂದು ಆಮೇಲೆ ಹೊಳೆಯಿತು. ಗಂಡ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಕೂತು, ಕಂಡವರ ತರಕಾರಿಯಲ್ಲೂ ಹೊಲದ ಮಣ್ಣಲ್ಲೂ ಉಳಿದ ಕ್ರಿಮಿನಾಶಕವನ್ನು ಅಳೆದವನು. ಬೀದಿಯವರು ಇಟ್ಟ ಹೆಸರು ವಿಷದ ಮೇಷ್ಟ್ರು.

ಪೆಟ್ಟಿಗೆಯ ನಾಲ್ಕು ಮೂಲೆಗೆ ಮೂವರು ಸಿದ್ಧರಾಗಿದ್ದರು. ನಾಲ್ಕನೆಯದಕ್ಕೆ ತಾಯಿ ಯಾರನ್ನೂ ಒಪ್ಪಿರಲಿಲ್ಲ.

"ಹನ್ನೊಂದು ವರ್ಷ ಬರದ ಮಾವ ಈಗ ಬರ್ತಾರಾ?"

"ಹೇಳಿ ಕಳಿಸಿದೀನಿ. ಇವತ್ತು ಹೆಗಲು ಕೊಡದಿದ್ರೆ ನನ್ನಣ್ಣ ಇನ್ನೆಂದೂ ಈ ಮನೆ ಮೆಟ್ಟಿಲು ಹತ್ತಲ್ಲ ಕಣೇ."

* * *

ಹನ್ನೊಂದು ವರ್ಷದ ಹಿಂದೆ ಅಣ್ಣ ಬೆಳೆದ ಎಲೆಕೋಸಿನಲ್ಲಿ ಮಿತಿಗಿಂತ ನಾಲ್ಕು ಪಟ್ಟು ಕ್ರಿಮಿನಾಶಕ ಸಿಕ್ಕಿ, ಎರಡು ಲಾರಿ ಮಾಲನ್ನು ಗುಂಡಿ ತೋಡಿ ಹೂತಿದ್ದರು. ಅಣ್ಣ ಬಾಗಿಲಲ್ಲೇ ನಿಂತು ಕೂಗಾಡಿದ.

"ಭಾವ, ನನ್ನ ಮಾಲು ಅಂತ ಗೊತ್ತಿದ್ದೂ ಫೇಲ್ ಮಾಡಿದ್ರಾ?"

ಅವಳೇ ನಡುವೆ ಬಂದಳು.

"ಲ್ಯಾಬಿಗೆ ಹೋಗೋ ಚೀಲದ ಮೇಲೆ ಹೆಸರಿರಲ್ಲ ಅಣ್ಣ, ಬರೀ ನಂಬರು. ಯಾರದ್ದು ಅಂತ ಇವರಿಗೆ ಹೇಗೆ ಗೊತ್ತಾಗ್ಬೇಕು?"

ಗಂಡ ತಲೆ ತಗ್ಗಿಸಿ ಒಳಗೆ ಹೋದ. ಅಂದಿನಿಂದ ಭಾವಮೈದುನರಿಗೆ ಎಣ್ಣೆ ಸೀಗೆಕಾಯಿ. ಅವಳು ಮಾತ್ರ ಅದೇ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಳು.

* * *

ಇನ್ನೇನು ಪೆಟ್ಟಿಗೆ ಎತ್ತಬೇಕು ಎನ್ನುವಾಗ ಅಣ್ಣ ಬಂದ. ಕೈಯಲ್ಲೊಂದು ಪುಟ್ಟ ಬಟ್ಟೆಚೀಲ.

"ಮಣ್ಣು ಕಳಿಸು, ನೋಡ್ತೀನಿ ಅಂತ ಭಾವ ಎಷ್ಟೋ ಸಲ ಹೇಳಿ ಕಳಿಸಿದ್ರು. ಹಟ ಮಾಡಿದೆ. ಇವತ್ತು ಸುದ್ದಿ ಬಂದಾಗ ಹೊಲದಲ್ಲೇ ಇದ್ದೆ. ಐದು ಕಡೆ ಅಗೆದು ತಂದೆ. ಇನ್ನು ಯಾರಿಗೆ ಕೊಡ್ಲಿ?"

ಗಂಡನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ಗೋಡೆಗೆ ಒರಗಿ ಚೀಲದ ಬಾಯನ್ನೇ ನೋಡುತ್ತಿದ್ದಳು.

"ಇದೇ ಗಂಟು," ಎಂದಳು. "ಸಾರ್ ಅವತ್ತು ಎಲೆಕೋಸಿನ ಚೀಲದ ಮೇಲೆ ಇದನ್ನ ನೋಡಿ ಕೂತೇಬಿಟ್ರು. ಎಡಗೈಯವನ ಗಂಟು, ನನ್ನ ಹೆಂಡತಿ ಅಣ್ಣಂದು ಅಂದ್ರು. ನಾನು ಮಾಡ್ತೀನಿ ಬಿಡಿ ಸಾರ್ ಅಂದ್ರೂ ಕೊಡಲಿಲ್ಲ. ಮೂರು ಸಲ ಅಳೆದ್ರು. ಒಂದ್ಸಲನಾದ್ರೂ ಕಮ್ಮಿ ಬರಬಾರದಾ ಅಂತ ಮಷಿನ್ ಮುಂದೆ ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ಗೊತ್ತಿತ್ತು! ಅವಳಿಗೆ ಪೆಟ್ಟಿಗೆಯಲ್ಲಿದ್ದವನ ಮೇಲೆ ಸಿಟ್ಟು ಉಕ್ಕಿತು. ಹನ್ನೊಂದು ವರ್ಷ ತನ್ನ ಬಾಯಿಂದ ಸುಳ್ಳು ಹೇಳಿಸಿ ಪಕ್ಕದಲ್ಲೇ ಮಲಗಿದ್ದನಲ್ಲ! ಅಣ್ಣ ಇನ್ನು ಹೊರಟೇ ಹೋಗುತ್ತಾನೆ ಎಂದುಕೊಂಡಳು.

ಅಣ್ಣ ಹೋಗಲಿಲ್ಲ.

"ನನಗೂ ಗೊತ್ತಿತ್ತು ಕಣಮ್ಮ," ಎಂದ, ಮುಖ ಎತ್ತದೆ. "ಔಷಧಿ ಹೊಡೆದ ಮೇಲೆ ಕಾಯಬೇಕಾದಷ್ಟು ದಿನ ಕಾಯದೆ ಮೂರೇ ದಿನಕ್ಕೆ ಕೊಯ್ದಿದ್ದೆ."

ಚೀಲವನ್ನು ತಂಗಿಯ ಕೈಗಿಟ್ಟು, ನಾಲ್ಕನೆಯ ಮೂಲೆಗೆ ಹೋಗಿ ಹೆಗಲು ಕೊಟ್ಟ. ಪೆಟ್ಟಿಗೆ ನಿಧಾನವಾಗಿ ಬಾಗಿಲು ದಾಟಿತು.

"ಕೊಡಿಮ್ಮ, ನಾಳೆ ನಾನೇ ನೋಡ್ತೀನಿ," ಎಂದು ಲ್ಯಾಬಿನ ಹೆಂಗಸು ಕೈ ಚಾಚಿದಳು.

"ನೀನು ಬೇಡಮ್ಮ. ಇದು ಯಾರದು ಅಂತ ಗೊತ್ತಿಲ್ಲದವರ ಕೈಗೆ ಕೊಡು. ಒಂದ್ನಿಮಿಷ ಇರು."

ಮೆಟ್ಟಿಲ ಮೇಲೆ ಕುಳಿತು ಅಣ್ಣನ ಗಂಟನ್ನು ಉಗುರಿನಿಂದ ಬಿಡಿಸಿದಳು. ಎಲ್ಲರೂ ಕಟ್ಟುವ ಹಾಗೆ ಬಲಗೈಯಿಂದ ಮತ್ತೆ ಕಟ್ಟಿದಳು.