ಮುಟ್ಟದ ಸಾಲಕ್ಕೂ ಲೆಕ್ಕವಿದೆ

ಫೋನು ಕಿಣಿ ಎಂದರೆ ಸಾಕು, ಹೇಲಿ ಅದನ್ನು ಮಗುಚಿ ಇಟ್ಟುಬಿಡುತ್ತಿದ್ದಳು. ಕಾಲೇಜಿಗೆ ಸೇರಿದಾಗಿನಿಂದ ಹೀಗೆ.

ಇಂಗ್ಲೆಂಡಿನ ಗ್ರಿಮ್ಸ್ಬಿ ಊರಿನ ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ ಅವಳದೊಂದು ಬಾಡಿಗೆಮನೆ. ಮನೆಯಲ್ಲಿ ಅವಳು ಮತ್ತು ಐದು ವರ್ಷದ ಮಗಳು ಮೇಸಿ, ಇಬ್ಬರೇ. ಮೀನು ಪ್ಯಾಕ್ ಮಾಡುವ ಕೆಲಸ ಬಿಟ್ಟು, ಈ ಸೆಪ್ಟೆಂಬರಿನಲ್ಲಿ ಶಿಕ್ಷಕಿಯಾಗುವ ಪದವಿಗೆ ಸೇರಿದ್ದಳು. ಬಾಡಿಗೆಗೂ ಹೊಟ್ಟೆಗೂ ಈಗ ಉಳಿದಿದ್ದ ಆಧಾರ ಸರ್ಕಾರ ಕೊಡುವ ನೆರವು ಒಂದೇ.

ಆ ಸಂಜೆ ಬಂದದ್ದು ನೆರವಿನ ಕಚೇರಿಯ ಸಂದೇಶ. 'ನಿಮ್ಮ ಪರಿಸ್ಥಿತಿಯಲ್ಲಿ ಏನಾದರೂ ಬದಲಾವಣೆ ಆಗಿದೆಯೇ?' ಅಷ್ಟೇ. ಹೇಲಿ ಅದನ್ನು ಓದಿದಳು. ಫೋನನ್ನು ಬ್ರೆಡ್ಡಿನ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು.

"ಅಮ್ಮಾ, ಫೋನಿಗೂ ಹಸಿವಾಯ್ತಾ?" ಎಂದಳು ಮೇಸಿ.

"ಹೂಂ ಪುಟ್ಟಿ. ನೀನು ಕೋಟು ತೆಗೀಬೇಡ, ಮನೆ ತಣ್ಣಗಿದೆ."

ಹೀಟರು ಹಾಕುವುದನ್ನು ಅವಳು ನಿಲ್ಲಿಸಿದ್ದಳು. ಮೇಸಿ ತಿಂದು ಬಿಟ್ಟ ಟೋಸ್ಟಿನ ಅಂಚುಗಳೇ ಹೇಲಿಯ ರಾತ್ರಿಯೂಟ.

ಅಷ್ಟರಲ್ಲಿ ಹೇಲಿಯ ತಾಯಿ ಪಾಲೀನ್ ಒಂದು ತುಂಡು ಹ್ಯಾಡಕ್ ಮೀನು ಹಿಡಿದು ಹಿಂಬಾಗಿಲಿನಿಂದ ಬಂದಳು. ಮಗಳ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು. "ಏನಂತೆ ಅವರು?"

"ಬದಲಾವಣೆ ಇದೆಯಾ ಅಂತ ಕೇಳಿದ್ದಾರೆ ಅಮ್ಮ."

"ಉತ್ತರ ಕೊಡಬೇಡ! ಸಾಲದ ಒಂದು ಕಾಸಾದ್ರೂ ಮುಟ್ಟಿದ್ದೀಯಾ? ಇಲ್ಲ ತಾನೆ? ಮುಟ್ಟದೆ ಇದ್ಮೇಲೆ ಬದಲಾವಣೆ ಎಲ್ಲಿಂದ ಬರುತ್ತೆ?"

ಓದುವವರಿಗೆ ಅಲ್ಲಿ ಎರಡು ಬಗೆಯ ಸಾಲ ಸಿಗುತ್ತದೆ. ಒಂದು ಕಾಲೇಜಿನ ಶುಲ್ಕಕ್ಕೆ. ಅದು ನೇರವಾಗಿ ಕಾಲೇಜಿಗೇ ಹೋಗುತ್ತದೆ. ಇನ್ನೊಂದು ಓದುವಷ್ಟು ಕಾಲ ಬದುಕಿನ ಖರ್ಚಿಗೆ. ಅದು ಕೈಗೆ ಬರುತ್ತದೆ. ಹೇಲಿ ಮೊದಲನೆಯದನ್ನು ತೆಗೆದುಕೊಂಡಿದ್ದಳು. ಎರಡನೆಯದನ್ನು ಕೇಳಿಯೇ ಇರಲಿಲ್ಲ. ಸಾಲ ಬಂದರೆ ನೆರವು ಕಡಿತ, ಕಡಿತವಾದರೆ ಬಾಡಿಗೆ ಬಾಕಿ, ಬಾಕಿಯಾದರೆ ಬೀದಿ. ಇದು ಪಾಲೀನಳ ಲೆಕ್ಕ. ಮೂಲೆಮನೆಯವರ ಮಂಚಗಳು ವಸಂತದಲ್ಲಿ ಮಳೆಯಲ್ಲಿ ನೆನೆಯುತ್ತ ಫುಟ್‌ಪಾತಿನ ಮೇಲೆ ನಿಂತದ್ದನ್ನು ಇಡೀ ಬೀದಿ ನೋಡಿತ್ತು. ಯಾಕೆ ಹಾಗಾಯಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೂ ಎಲ್ಲರ ಬಾಯಲ್ಲೂ ಒಂದೊಂದು ಕಾರಣವಿತ್ತು.

ಪಾಲೀನ್ ಹೆದರಿಕೆಯಲ್ಲೇ ಬಾಳಿದವಳು. ಗಂಡ ಮೀನಿನ ಹಡಗಿನಲ್ಲಿದ್ದ. ಅವನು ಕಡಲಿಗೆ ಹೊರಟ ದಿನ ಅವಳು ಬಟ್ಟೆ ಒಗೆಯುತ್ತಿರಲಿಲ್ಲ. ಒಗೆದರೆ ಗಂಡನನ್ನೇ ಅಲೆಗೆ ತೊಳೆದುಕೊಟ್ಟಂತೆ ಎಂದು ಆ ಕೇರಿಯ ಹೆಂಗಸರೆಲ್ಲ ನಂಬಿದ್ದರು. ಗಂಡ ಪ್ರತಿ ಸಲವೂ ತಿರುಗಿ ಬಂದ. ಕೊನೆಗೆ ಮನೆಯ ಹಾಸಿಗೆಯಲ್ಲೇ ಕಣ್ಣು ಮುಚ್ಚಿದ. ಅಲ್ಲಿಂದ ಅವಳ ನಂಬಿಕೆ ಇನ್ನೂ ಗಟ್ಟಿಯಾಯಿತು. ಮಗಳು ಕಾಲೇಜಿಗೆ ಹೋಗುವ ದಿನಗಳಲ್ಲೂ ಅವಳು ಒಗೆಯುವ ಬಟ್ಟೆ ಮುಟ್ಟುತ್ತಿರಲಿಲ್ಲ. ಕೈ ಹಾಕದಿದ್ದರೆ ಕೆಡುಕು ಬರುವುದಿಲ್ಲ, ಅಷ್ಟೇ.

"ಕಾಲೇಜು ಬಿಟ್ಟುಬಿಡ್ತೀನಿ ಅಮ್ಮ," ಎಂದಳು ಹೇಲಿ ಮೆಲ್ಲಗೆ. "ಸೋಮವಾರ ಹೇಳಿಬಿಡ್ತೀನಿ. ಮತ್ತೆ ಮೀನಿಗೆ ಹೋಗ್ತೀನಿ. ಮೇಸಿ ಮಂಚ ಫುಟ್‌ಪಾತಿಗೆ ಬರೋದು ನನ್ನಿಂದ ನೋಡೋಕಾಗಲ್ಲ."

ಪಾಲೀನ್ ಒಲೆಯ ಕಡೆ ತಿರುಗಿದಳು. ಬಾಣಲೆ ಒಲೆಯ ಮೇಲಿಟ್ಟು ಮೀನಿಗೆ ಉಪ್ಪು ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಹಾಕಿದಳು. ಮಗಳು ಟೀಚರ್ ಆಗುತ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳೇ ಅವಳು.

ಬ್ರೆಡ್ಡಿನ ಡಬ್ಬಿ ಗುಂಯ್ ಎಂದಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಷೆರಿಲ್ ಬಾಗಿಲಿಗೆ ಬಂದಿದ್ದಳು. ಅವಳೂ ಒಂಟಿ ತಾಯಿ. ಅದೇ ಕಾಲೇಜಿನಲ್ಲಿ ಓದಿ ಮುಗಿಸಿ ಈಗ ನರ್ಸರಿ ಶಾಲೆಯೊಂದರಲ್ಲಿ ಕೆಲಸಕ್ಕಿದ್ದಳು.

"ನಿಮ್ಮ ಬ್ರೆಡ್ಡು ಯಾರಿಗೋ ಫೋನ್ ಮಾಡ್ತಾ ಇದೆಯಲ್ಲೇ!" ಎಂದು ನಕ್ಕವಳು, ಮೂವರಲ್ಲಿ ಯಾರೂ ನಗದ್ದನ್ನು ಕಂಡು ಕುರ್ಚಿ ಎಳೆದು ಕೂತಳು. ಹೇಲಿ ತಡವರಿಸುತ್ತ ಎಲ್ಲ ಹೇಳಿದಳು.

"ತಾಳು, ತಾಳು. ಮುಟ್ಟದಿದ್ರೆ ಲೆಕ್ಕಕ್ಕಿಲ್ಲ ಅಂತ ಯಾರೇ ನಿಂಗೆ ಹೇಳಿದ್ದು?"

"ಇಲ್ಲದ ದುಡ್ಡನ್ನ ಯಾರಾದ್ರೂ ಲೆಕ್ಕ ಹಾಕ್ತಾರಾ?" ಪಾಲೀನ್ ರೇಗಿದಳು.

"ಹಾಕ್ತಾರೆ ಪಾಲೀನಮ್ಮ. ಹೇಲಿಗೆ ಎಷ್ಟು ಸಾಲ ಸಿಗಬಹುದಿತ್ತೋ ಅಷ್ಟೂ ಬಂದಿದೆ ಅಂತಲೇ ಲೆಕ್ಕ. ತಗೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಹೇಲಿ ಮನಸ್ಸಿನಲ್ಲೇ ಕೂಡಿಸಿದಳು. ಹಾಗಾದರೆ ನೆರವೂ ಕಡಿತ, ಕೈಯಲ್ಲಿ ಸಾಲವೂ ಇಲ್ಲ. ಮೂಲೆಮನೆಯ ನೆನೆದ ಹಾಸಿಗೆಗಳು ಮತ್ತೆ ಕಣ್ಣ ಮುಂದೆ ಬಂದವು.

"ಹೆದರಿಸಬೇಡ ಕಣೇ ಹುಡುಗಿನ!" ಎಂದಳು ಪಾಲೀನ್.

"ನಾನಲ್ಲ ಹೆದರಿಸಿದ್ದು, ನೀವು. ನಂಗೂ ಪೂರ್ತಿ ಗೊತ್ತಿಲ್ಲಮ್ಮ, ನಿಯಮ ಆಗಾಗ ಬದಲಾಗುತ್ತೆ. ನಾಳೆ ಚರ್ಚ್ ಹಾಲ್‌ನಲ್ಲಿ ಉಚಿತ ಸಲಹಾ ಕೇಂದ್ರ ತೆರೆದಿರುತ್ತೆ. ಮೂರು ಜನವೂ ಹೋಗೋಣ. ಈಗ ಆ ಫೋನನ್ನ ಆಚೆ ತೆಗಿ, ಪಾಪ ಉಸಿರು ಕಟ್ಟಿದೆ."

ಮರುದಿನ ಚರ್ಚ್ ಹಾಲ್‌ನ ಹೊರಗಿನ ಬೆಂಚಿನ ಮೇಲೆ ಕೂತಾಗ ಹೇಲಿಗೆ ಎರಡು ಸಲ ಎದ್ದು ಹೋಗಬೇಕೆನಿಸಿತು. ಒಳಗೆ ಹೋಗಿ ಹೆಸರು ಹೇಳಿದ ಕೂಡಲೇ ಯಾರೋ ಕಚೇರಿಗೆ ತಿಳಿಸಿಬಿಟ್ಟರೆ? ಪಾಲೀನ್ ಕೈಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು, ಒಳಗೆ ಯಾರೋ ಅದನ್ನೇ ಕಿತ್ತುಕೊಳ್ಳುತ್ತಾರೇನೋ ಎಂಬಂತೆ.

ಸಲಹೆಗಾರ್ತಿ ಆಲಿವ್ ನಡುವಯಸ್ಸಿನ ಹೆಂಗಸು. ಮೊದಲು ಚಹಾ ಕೊಟ್ಟಳು. "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ," ಎಂದಳು. ಆಮೇಲೆ ಕೇಳಿದಳು, "ಪೂರ್ತಿ ದಿನ ಓದುವವರಿಗೆ ಸಾಮಾನ್ಯವಾಗಿ ಈ ನೆರವು ಸಿಗಲ್ಲ. ನಿಮಗೆ ಯಾಕೆ ಸಿಗುತ್ತೆ ಗೊತ್ತಾ?"

ಹೇಲಿ ತಲೆಯಾಡಿಸಿದಳು. ಗೊತ್ತಿರಲಿಲ್ಲ.

"ಮಗು ಸಾಕ್ತಿದ್ದೀರಲ್ಲ, ಅದಕ್ಕೆ. ಓದೋಕೆ ಹೋದ್ರಿ ಅಂತ ನಿಮ್ಮ ಹಕ್ಕು ಹೋಗಲಿಲ್ಲ. ಆದ್ರೆ ಓದೋಕೆ ಶುರು ಮಾಡಿದ್ದನ್ನ ಹೇಳಲೇಬೇಕು. ಹೇಳಿದ್ದೀರಾ?"

"ಇಲ್ಲ," ಎಂದಳು ಹೇಲಿ. "ಮನೆ ಹೋಗುತ್ತಾ?"

"ಸೇರಿ ಎಷ್ಟು ದಿನ ಆಯ್ತು?"

"ಎರಡು ವಾರ."

"ಇವತ್ತೇ ಬರೆದು ತಿಳಿಸಿ. ತಿಂಗಳುಗಟ್ಟಲೆ ಸುಮ್ಮನಿದ್ದಿದ್ರೆ, ಹೆಚ್ಚಿಗೆ ಕೊಟ್ಟಿದ್ದನ್ನೆಲ್ಲ ವಾಪಸ್ ಕೇಳ್ತಿದ್ರು. ಆಗ ನಿಜವಾಗಿಯೂ ಕಷ್ಟ ಆಗ್ತಿತ್ತು. ಈಗ ಹಾಗಿಲ್ಲ."

ನಂತರ ಆಲಿವ್ ಒಂದೊಂದೇ ಬಿಡಿಸಿ ಹೇಳಿದಳು. ಶುಲ್ಕದ ಸಾಲವನ್ನು ಆದಾಯ ಎಂದು ಎಣಿಸುವುದಿಲ್ಲ. ಬದುಕಿನ ಖರ್ಚಿನ ಸಾಲವನ್ನು ಎಣಿಸುತ್ತಾರೆ, ಕೇಳದೆ ಬಿಟ್ಟರೂ. ಆದರೆ ಹೇಲಿಯಂಥವರಿಗೆ ಅದರಲ್ಲಿ ವಿಶೇಷ ಬೆಂಬಲ ಎಂಬ ಒಂದು ಪಾಲು ಇರುತ್ತದೆ. ಆ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದನ್ನು ಕಾಲೇಜು ನಡೆಯುವ ತಿಂಗಳುಗಳಿಗೆ ಹಂಚಿ, ಪ್ರತಿ ತಿಂಗಳೂ ಸ್ವಲ್ಪ ಬಿಟ್ಟು, ಮಿಕ್ಕದ್ದನ್ನಷ್ಟೇ ನೆರವಿನಲ್ಲಿ ಕಳೆಯುತ್ತಾರೆ. ಬೇಸಿಗೆ ರಜೆ ಬಂದಾಗ ಆ ಕಡಿತ ನಿಲ್ಲುತ್ತದೆ.

"ಅಂದ್ರೆ ಸಾಲ ತಗೊಂಡ್ರೆ?"

"ಈಗಿರೋದಕ್ಕಿಂತ ಕೈಗೆ ಜಾಸ್ತಿನೇ ಬರುತ್ತೆ. ಬಿಟ್ರೆ ಕಡಿತ ಮಾತ್ರ ಉಳಿಯುತ್ತೆ. ಕಾಲೇಜು ಶುರುವಾದ ಮೇಲೂ ಅರ್ಜಿ ಹಾಕಬಹುದು."

"ಸಾಲ ಸಾಲವೇ ಅಲ್ವಾ?" ಪಾಲೀನ್ ಬಾಯಿ ಬಿಟ್ಟಳು. "ನಾಳೆ ಯಾರಾದ್ರೂ ಬಂದು ಬಾಗಿಲು ಬಡಿದ್ರೆ?"

"ಬಡಿಯಲ್ಲ. ಓದು ಮುಗಿದು ಸಂಬಳ ಒಂದು ಮಟ್ಟ ದಾಟಿದ್ಮೇಲೆ, ಸಂಬಳದಲ್ಲೇ ಇಷ್ಟಿಷ್ಟು ಮುರಿದುಕೊಳ್ತಾರೆ."

"ಒಂದು ಮಾತು," ಷೆರಿಲ್ ನಡುವೆ ಬಾಯಿ ಹಾಕಿದಳು. "ಸಾಲ ವರ್ಷಕ್ಕೆ ಮೂರು ಸಲ, ಗಂಟಾಗಿ ಬರುತ್ತೆ. ನೆರವು ಮಾತ್ರ ತಿಂಗಳು ತಿಂಗಳೂ ಕಡಿಮೆ. ನಾನು ಮೊದಲ ಗಂಟಲ್ಲಿ ಸೋಫಾ ತಗೊಂಡೆ. ಡಿಸೆಂಬರಲ್ಲಿ ಮನೇಲಿ ಸೋಫಾ ಒಂದೇ ಇತ್ತು, ಅದನ್ನ ಬೇಯಿಸೋಕಾಗುತ್ತಾ? ಬಂದ ದಿನವೇ ತಿಂಗಳಿಗಿಷ್ಟು ಅಂತ ತೆಗೆದಿಡೇ."

ಹೇಲಿಗೆ ಆ ದಿನ ಮೊದಲ ಸಲ ನಗು ಬಂತು. ನಗುತ್ತಲೇ ಕಣ್ಣು ತುಂಬಿದವು. ಅಲ್ಲೇ ಕೂತು ಫೋನು ತೆಗೆದು, 'ಕಾಲೇಜು ಸೇರಿದ್ದೇನೆ' ಎಂದು ಬರೆದಳು. ಕಳುಹಿಸುವ ಗುಂಡಿಯ ಮೇಲೆ ಬೆರಳು ನಿಂತಿತು.

"ಅಮ್ಮ," ಎಂದಳು, "ನೀನು ಬಟ್ಟೆ ಒಗೀದೆ ಇದ್ದಿದ್ದಕ್ಕೆ ಕಡಲು ಸುಮ್ಮನಿತ್ತಾ?"

ಪಾಲೀನ್ ಎದೆಗವಚಿದ್ದ ಕೈಚೀಲವನ್ನು ಮೇಜಿನ ಮೇಲಿಟ್ಟಳು. "ಇಲ್ಲ ಕಂದ," ಎಂದಳು. "ನಿಮ್ಮಪ್ಪ ಹವಾಮಾನದ ಸುದ್ದಿ ಕೇಳಿಯೇ ಹೊರಡ್ತಿದ್ದ. ಒತ್ತು."

ಹೇಲಿ ಒತ್ತಿದಳು.

ಹೆದರಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ಮುಂದಿನ ತಿಂಗಳ ನೆರವು ಕಡಿಮೆಯಾಗಿ ಬಂದಾಗ ಹೇಲಿ ಆ ಅಂಕಿಯನ್ನು ಎರಡೆರಡು ಸಲ ಓದಿದಳು. ಆದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಆಲಿವ್ ಮೊದಲೇ ಹೇಳಿದ್ದಳು, ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ತಡವಾಗಿಯಾದರೂ ಸಾಲ ಬಂತು. ಬಾಡಿಗೆ ಕಟ್ಟಿಯಾಯಿತು. ಸಂಜೆ ಒಂದಷ್ಟು ಹೊತ್ತು ಹೀಟರು ಉರಿಯಿತು, ಮೇಸಿ ಮನೆಯೊಳಗೆ ಕೋಟು ಕಳಚಿದಳು.

ಮೊದಲ ಬಾರಿ ಮಕ್ಕಳಿಗೆ ಪಾಠ ಮಾಡಬೇಕಿದ್ದ ದಿನ ಹೇಲಿ ಬೇಗ ಹೊರಟಳು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದರೆ, ತಾಯಿ ಹಿತ್ತಲಿನಲ್ಲಿ ನಿಂತಿದ್ದಳು. ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ಆಗಷ್ಟೇ ಒಗೆದ ಮೇಸಿಯ ಕೆಂಪು ಸ್ವೆಟರನ್ನು ಕಡಲಗಾಳಿಗೆ ಹರವುತ್ತಿದ್ದಳು. ಒಮ್ಮೆ ಕಡಲಿನ ಕಡೆ ನೋಡಿದಳು. ಆದರೂ ಹರವಿದಳು.

ಅಕ್ಕ, ತಂಗಿ, ಮಗುವನ್ನು ಸಾಕುತ್ತ ಓದಲು ಹೊರಟ ತಾಯಿ, ಇದು ನಿಮಗಾಗಿ. ನೀವು ಕೇಳದೆ ಬಿಟ್ಟ ಸಾಲವನ್ನೂ ನಿಮ್ಮ ಲೆಕ್ಕಕ್ಕೆ ಹಿಡಿಯಬಹುದು. ಆದ್ದರಿಂದ ಹೆದರಿ ಬಿಡುವ ಮೊದಲು ವಿಚಾರಿಸಿ. ಓದು ಶುರುವಾದ ಕೂಡಲೇ ನೆರವಿನ ಕಚೇರಿಗೆ ತಿಳಿಸಿ. ಅವರು ಕೇಳುವವರೆಗೂ ಕಾಯಬೇಡಿ. ಗಂಟಾಗಿ ಬಂದದ್ದನ್ನು ತಿಂಗಳುಗಳಿಗೆ ಹಂಚಿಡಿ. ನಿಯಮಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಬೀದಿಯ ಮಾತು ನಂಬದೆ, ಹತ್ತಿರದ ಉಚಿತ ಸಲಹಾ ಕೇಂದ್ರದ ಬಾಗಿಲು ತಟ್ಟಿ. ಒಬ್ಬರೇ ಹೋಗಲು ಭಯವಾದರೆ ಪಕ್ಕದ ಮನೆಯವಳನ್ನು ಕರೆದುಕೊಂಡು ಹೋಗಿ. ಭಯವಾಗುವುದು ತಪ್ಪಲ್ಲ. ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಬೇಡಿ, ಅಷ್ಟೇ. ಫೋನು ಹೊರಗೆ ತೆಗೆಯಿರಿ. ಇವತ್ತೇ.